ಗೆರ್ಗೊ ಸತ್ತಿಲ್ಲವಂತೆ

ಒದ್ದೆ ಉಣ್ಣೆಯ ವಾಸನೆ, ಇಷ್ಟೊಂದು ಕೋಟುಗಳು, ಎಲ್ಲರ ಎದೆಯ ಮೇಲೂ ಕೆಂಪು ಬಿಳಿ ಹಸಿರು ರಿಬ್ಬನ್ನು, ಸಾಲಿನ ಮುಂದೆಲ್ಲೋ ಆ ಬಿಳಿ ಗಡ್ಡ ಕಾಣಿಸಿ ಮರೆಯಾಯಿತು—ಅವನೇ, ಬೆನೆದೆಕ್, ಎಷ್ಟು ಕುಗ್ಗಿಹೋಗಿದ್ದಾನೆ, ಎತೆಲ್ಕಾಳಿಗೆ ನಗು ಬಂದಂತಾಯಿತು, ಹಂಗೇರಿಯೆಲ್ಲ ಓದುವ ಕಾದಂಬರಿಕಾರ, ಚಕ್ರವರ್ತಿಯ ವಿರುದ್ಧ ಕತ್ತಿ ಹಿಡಿದವನು, ಈಗ ಪುರಭವನದ ಕುರ್ಚಿಯಲ್ಲಿ ಶಾಲು ಹೊದ್ದ ಮುದುಕ. ಪಕ್ಕದ ಮನೆಯ ಯೂಲ್ಚಾ ಬೆನ್ನಿಗೆ ಕೈಯಿಟ್ಟು ತಳ್ಳುತ್ತಾಳೆ, ಮುಂದೆ ಹೋಗಿ ಚಿಕ್ಕಮ್ಮಾ, ಏನು ನಾಚಿಕೆ, ರೀ ಸ್ವಲ್ಪ ದಾರಿ ಬಿಡ್ರೀ, ಇವ್ರು ಗೆರ್ಗೊನ ತಂಗಿ, ಕಾದಂಬರೀಲಿ ಬರ್ತಾನಲ್ಲ ಅದೇ ಗೆರ್ಗೊ!—ಜನ ಸರಿಯುತ್ತಾರೆ, ಟೋಪಿ ತೆಗೆಯುತ್ತಾರೆ, ಯಾರೋ ಹೆಂಗಸು ಕೈ ಹಿಡಿದು, ಅಯ್ಯೋ, ಅವ್ನು ನದೀಗೆ ಹಾರೋದು ಓದಿ ನಂಗೆ ಊಟಾನೇ ಸೇರ್ಲಿಲ್ಲ ರೀ, ಬದುಕ್ಕೊಂಡ ಅಂತ ಗೊತ್ತಾದ ಮೇಲೇ ಸೂಪು ಗಂಟಲಲ್ಲಿ ಇಳಿದಿದ್ದು. ಬದುಕಿಕೊಂಡ. ಹೌದು, ಪುಸ್ತಕದಲ್ಲಿ ಅಣ್ಣ ದೂನಾ ನದಿ ಈಜುತ್ತಾನೆ, ತುರ್ಕಿ ಸೇರುತ್ತಾನೆ, ಗುಲಾಬಿ ತೋಟ ಮಾಡುತ್ತಾನೆ, ಇಡೀ ದೇಶಕ್ಕೇ ಗೊತ್ತು, ಇಟ್ಟಿಗೆ ಗೂಡಿನ ಹಿಂದೆ ಗುಂಡು ತಿಂದು ಬಿದ್ದ ಗೆರ್ಗೊ ಮಾತ್ರ ಯಾರಿಗೂ ಗೊತ್ತಿಲ್ಲ, ಕಂಡಿದ್ದವರೆಲ್ಲ ಹೋದರು, ಉಳಿದದ್ದು ತಾನು, ಮತ್ತೆ ಆ ಬಿಳಿ ಗಡ್ಡ.

ಕ್ರಾಂತಿ ಸೋತ ಆ ಶರತ್ಕಾಲ, ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಬೆನೆದೆಕ್, ಬೂಟಿನ ತಳ ಹರಿದು ಹೆಬ್ಬೆರಳು ಹೊರಗೆ, ಅಣ್ಣ ಕೂತಲ್ಲೇ ತನ್ನ ಬೂಟು ಕಳಚುತ್ತಾನೆ—ಹಾಕ್ಕೊಳ್ಳೋ, ನೀನು ಬರೆಯೋನು, ಉಳೀಬೇಕು, ಹಿಟ್ಟು ಬೀಸೋನನ್ನ ಯಾರು ಹುಡುಕ್ತಾರೆ. ಹುಡುಕಿದರು. ಚಕ್ರವರ್ತಿಯ ಸಿಪಾಯಿಗಳನ್ನು ಬೇರೆ ದಿಕ್ಕಿಗೆ ಸೆಳೆಯಲು ಅಣ್ಣ ಕೊಯ್ದ ಹೊಲದಲ್ಲಿ ಓಡಿದ, ಬರಿಗಾಲಲ್ಲಿ. ಅಮ್ಮ ತನ್ನ ಕೈಯಾರೆ ಮಣ್ಣು ಹಾಕಿದಳು, ಗೋಳಾಡಲೂ ಹೆದರಿ ಬಾಯಿಗೆ ತಲೆವಸ್ತ್ರ ತುರುಕಿಕೊಂಡು, ಆದರೂ ಪುಸ್ತಕ ಬಂದ ಮೇಲೆ ಪ್ರತಿ ಭಾನುವಾರ, ಎತೆಲ್ಕಾ, ಆ ತೋಟದ್ದು ಓದೇ. ಅಮ್ಮಾ, ಅದು ಕಥೆ. ಕಥೆ ಅಂತ ನಂಗೊತ್ತಿಲ್ವೇನೇ, ಓದು. ಬರುಬರುತ್ತಾ ಅದೂ ಗೊತ್ತಾಗದಾಯಿತು, ಸಾಯುವ ಮುಂಚೆ, ಅವ್ನು ಬರೋವಾಗ ಒಂದು ಗುಲಾಬಿ ಕಡ್ಡಿ ತರಕ್ಕೆ ಹೇಳೇ, ಬಾಗಿಲ ಹತ್ರ ನೆಡೋಣ. ಎಷ್ಟು ಬೈದಿದ್ದಳು ಎತೆಲ್ಕಾ ಮನಸ್ಸಿನಲ್ಲೇ ಬೆನೆದೆಕ್‌ನನ್ನು, ಸುಳ್ಳುಗಾರ, ಅಣ್ಣನ ಸಾವನ್ನೂ ಕದ್ದ. ಇಟ್ಟಿಗೆ ಗೂಡಿನ ಹತ್ತಿರ ಅಣ್ಣನ ಹೆಸರಿನ ಒಂದು ಕಲ್ಲು ನೆಡಿಸಿ ಎಂದು ಕೇಳಲು ಹೋದರೆ ಪಾದ್ರಿ ನಕ್ಕುಬಿಟ್ಟರು, ಸತ್ತೇ ಇಲ್ಲದೋನಿಗೆ ಕಲ್ಲೇನಮ್ಮಾ? ಇವತ್ತು ಬೆನೆದೆಕ್ ಹೇಳಲಿ, ಇಷ್ಟು ಜನರ ಎದುರು, ಒಂದೇ ಮಾತು, ಗೆರ್ಗೊ ನನಗೋಸ್ಕರ ಇಲ್ಲೇ ಸತ್ತ ಅಂತ, ಅವನು ಹೇಳಿದರೆ ನಂಬುತ್ತಾರೆ, ಅವನು ಏನು ಹೇಳಿದರೂ ನಂಬುತ್ತಾರೆ.

ಬಂದೇಬಿಟ್ಟಿತು ಕುರ್ಚಿ, ತಣ್ಣಗಿನ ಹಗುರ ಕೈ ಅವಳ ಕೈ ಹಿಡಿಯಿತು, ಅಯ್ಯೋ ತಂಗೀ, ಎತೆಲ್ಕಾ ಅಲ್ವಾ ನೀನು, ಅದೇ ಗಲ್ಲ ನೋಡು ಅವಂದು! ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಅವನೇ ಬಗ್ಗಿ, ಗುಟ್ಟು ಕೇಳುವವನಂತೆ, ಗೆರ್ಗೊ ಹೇಗಿದ್ದಾನಮ್ಮಾ? ನಂಗೂ ವಯಸ್ಸಾಯ್ತು, ಅಷ್ಟು ದೂರ ಹೋಗಕ್ಕಾಗಲ್ಲ, ತೋಟ ಚೆನ್ನಾಗಿದ್ಯಂತಾ? ಅವಳು ಆ ಕಣ್ಣುಗಳೊಳಗೆ ಹುಡುಕಿದಳು, ಸುಳ್ಳನ್ನು, ನಾಟಕವನ್ನು, ಅಳುಕನ್ನು, ಏನೂ ಇರಲಿಲ್ಲ, ಅಮ್ಮನ ಕಣ್ಣೇ ಅಲ್ಲಿತ್ತು, ತೇವವಾಗಿ, ಕಾಯುತ್ತಾ. ಇವನನ್ನು ಬೈಯುವುದಾದರೂ ಹೇಗೆ, ಇವನಿಗೂ ಹೇಳಬೇಕೇ ಈಗ, ಇವನಿಗೂ ಇವತ್ತೇ ಸಾಯಬೇಕೇ ಅಣ್ಣ. ಚೆನ್ನಾಗಿದ್ದಾನೆ, ಎಂದಳು, ಈ ಸಲ ಹೂವು ಬಹಳ ಬಿಟ್ಟಿದೆಯಂತೆ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ಮೆಟ್ಟಿಲು, ಗಾಳಿ, ಹಿಂದೆ ಯೂಲ್ಚಾ, ಏನಂದ್ರು ಚಿಕ್ಕಮ್ಮಾ, ಏನಂದ್ರು—ಕಲ್ಲು ಇನ್ನು ನೆಡುವಂತಿಲ್ಲ, ಗೊತ್ತಿದ್ದವಳು ಇನ್ನು ತಾನೊಬ್ಬಳೇ, ಮನೆಗೆ ಹೋಗಿ ಒಲೆ ಹಚ್ಚಬೇಕು—ಆ ರಾತ್ರಿ ದೀಪದ ಹತ್ತಿರ ಅಣ್ಣನ ಅಂಗಾಲು, ಹೊಲದ ಕೂಳೆ ಚುಚ್ಚಿ ಒಳಗೇ ಮುರಿದುಕೊಂಡ ಅಂಗಾಲು, ಸೂಜಿಯಿಂದ ಒಂದೊಂದೇ ಚೂರು ತೆಗೆಯುತ್ತಿದ್ದಾಳೆ, ಮಣ್ಣಿಗಿಡುವ ಮುಂಚೆ, ಮೆಲ್ಲಗೆ, ನೋಯಬಾರದೆಂದು ಉಸಿರು ಬಿಗಿಹಿಡಿದು—ಒಲೆ ಹಚ್ಚಬೇಕು, ಯೂಲ್ಚಾಗೆ ಏನಾದರೂ ಹೇಳಬೇಕು—ಹಿಮ್ಮಡಿಯಲ್ಲಿ ಒಂದು ಆಳವಾಗಿ ಹೋಗಿತ್ತು, ಸೂಜಿ ಹಾಕಿದಳು, ಸಿಗಲಿಲ್ಲ, ಮತ್ತೆ ಹಾಕಿದಳು, ಅಮ್ಮ ಸಾಕು ಬಿಡೇ ಎಂದಳು, ಹಿಮ್ಮಡಿಯಲ್ಲಿ ಆ ಒಂದು, ಸೂಜಿ, ಆ ಒಂದು ಮಾತ್ರ ಬರಲಿಲ್ಲ