ಎಲೆಗಿಂತ ಮೊದಲು

ಮಟ್ಟಸಣ್ಣ ಎಂಬ ಹೆಸರನ್ನು ಅವನಿಗೆ ಇಟ್ಟವರು ಗಿರಾಕಿಗಳೇ. ಕ್ಷೌರ ಮುಗಿದು ಅವರು ಎದ್ದು ಅಂಗಿ ಕೊಡವಿಕೊಳ್ಳುವಾಗ, "ಒಂದ್ನಿಮಿಷ, ಇಲ್ಲೊಂಚೂರು ಮಟ್ಟಸ ಮಾಡಿಬಿಡ್ತೀನಿ" ಎಂದು ಭುಜ ಹಿಡಿದು ಮತ್ತೆ ಕುರ್ಚಿಯಲ್ಲಿ ಕೂರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ಬೀದಿಯಲ್ಲಿ ಎದುರಾದವರ ಮುಖ ನೋಡುವ ಮೊದಲು ಕಿವಿಯ ಮೇಲಿನ ಕೂದಲು ನೋಡುವ ಆಸಾಮಿ. ಟವೆಲ್ಲಿನ ಅಂಚಿಗೆ ಒಂದು ದಾರ ಜೋತುಬಿದ್ದಿದ್ದರೆ ಅದಕ್ಕೂ ಅವನ ಕತ್ತರಿಯಿಂದ ಉಳಿಗಾಲವಿರಲಿಲ್ಲ. ಇಂಥವನ ಹಿತ್ತಲಲ್ಲಿ ಬೆಳೆಯಬೇಕಾಗಿ ಬಂದದ್ದು ಆ ಗಿಡದ ಹಣೆಬರಹ.

ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವಂಥ ಬೆಟ್ಟದೂರು ಅದು. ಮುಂದೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಅಂಗೈಯಗಲದ ಹಿತ್ತಲು. ಗಿಡ ಹೆಂಡತಿಯ ತವರಿನದು. ರಸ್ತೆ ಅಗಲ ಮಾಡುವುದಕ್ಕಾಗಿ ಆ ಮನೆಯನ್ನು ಕೆಡವುವ ಹಿಂದಿನ ದಿನ ಅವಳು ಹೋಗಿ, ಬೆರಳು ದಪ್ಪದ ಒಂದು ಕಡ್ಡಿಯನ್ನು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು.

"ತೊಟ್ಟಿ ನೀರು ಹೆಪ್ಪುಗಟ್ಟೋ ಚಳೀಲೂ ಇದು ಸಾಯಲ್ಲ ರೀ" ಎಂದಿದ್ದಳು ನೆಡುತ್ತಾ. "ಎಲೆಯೆಲ್ಲ ಉದುರಿಸಿಕೊಂಡು ಸುಮ್ಮನೆ ನಿಂತಿರತ್ತೆ. ಚಳಿ ಮುಗೀತಾ ಬಂದಾಗ ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ, ಒಂದೂ ಎಲೆ ಇಲ್ಲ, ಬುಡದಿಂದ ತುದೀವರೆಗೂ ಬರೀ ಹಳದಿ ಹೂವು. ಚಿಕ್ಕೋಳಿದ್ದಾಗ ಅದರೊಳಗೆ ನುಗ್ಗಿ ಕೂತ್ರೆ ನಮ್ಮಮ್ಮಂಗೆ ನನ್ನ ಹುಡುಕೋಕೇ ಆಗ್ತಿರಲಿಲ್ಲ."

"ಎಲೆ ಇಲ್ದೆ ಹೂವಾ? ತಲೆ ಇಲ್ದೆ ಕೂದಲು ಅನ್ನು ಮತ್ತೆ!" ಎಂದು ಅವನು ನಕ್ಕಿದ್ದ. ಆ ನಗೆಚಾಟಿಕೆ ಅವನಿಗೆ ಎಷ್ಟು ಹಿಡಿಸಿತೆಂದರೆ, ಪ್ರತಿ ವರ್ಷವೂ ಅದನ್ನೇ ಹೇಳುತ್ತಿದ್ದ.

ಕಡ್ಡಿ ಬೇರು ಬಿಟ್ಟಿತು, ಗಿಡವಾಯಿತು, ಪೊದೆಯಾಯಿತು. ಹೂ ಮಾತ್ರ ಬಿಡಲಿಲ್ಲ. ಬಿಸಿಲುಗಾಲವಿಡೀ ಉದ್ದುದ್ದ ಕೊಂಬೆಗಳನ್ನು ದಿಕ್ಕಿಗೊಂದರಂತೆ ಎಸೆದು, ಚಳಿ ಬಂದೊಡನೆ ಎಲೆ ಉದುರಿಸಿ ನಿಲ್ಲುತ್ತಿತ್ತು. ಮಟ್ಟಸಣ್ಣನ ಕಣ್ಣಿಗೆ ಅದು ವರ್ಷವಿಡೀ ಕಟಿಂಗ್ ಮಾಡಿಸದ ಗಿರಾಕಿಯ ಹಾಗೆ ಕಾಣುತ್ತಿತ್ತು. ಎಲೆಯಿಲ್ಲದಾಗ ಆಕಾರ ಚೆನ್ನಾಗಿ ತಿಳಿಯುತ್ತದಲ್ಲ, ಚಳಿ ಮುಗಿಯುವ ಹೊತ್ತಿಗೆ ದೊಡ್ಡ ಕತ್ತರಿ ಹಿಡಿದು ಹೋಗಿ, ಕೊಂಬೆಗಳ ಮೇಲಿನ ಗಂಟುಗಂಟುಗಳ ಸಮೇತ ಎಲ್ಲವನ್ನೂ ಸವರಿ ಚೆಂಡಿನಂತೆ ದುಂಡಗೆ ಮಾಡುತ್ತಿದ್ದ. ಹೆಂಡತಿಯ ಗಿಡ, ಲಕ್ಷಣವಾಗಿರಲಿ ಎಂಬ ಪ್ರೀತಿಯೇ ಅದರ ಹಿಂದೆ ಇದ್ದದ್ದು. ಅವಳು ಕಡ್ಡಿಗಳನ್ನು ಗುಡಿಸಿ ನೀರೊಲೆಗೆ ಹಾಕಿ ಅವನಿಗೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು.

ವರ್ಷ ಕಳೆದ ಹಾಗೆ ಅವಳ ಕಥೆ ಕುಗ್ಗುತ್ತಾ ಬಂತು. ಮೊದಮೊದಲು ಎರಡೂ ಕೈ ಚಾಚಿ "ಇಷ್ಟಗಲ ಹಳದಿ" ಎನ್ನುತ್ತಿದ್ದವಳು, ಆಮೇಲೆ "ಒಂದಷ್ಟು ಹೂ ಬಿಡ್ತಿತ್ತಪ್ಪ" ಎಂದಳು. ಆಮೇಲೆ ಗಂಡನ ಹಳೇ ನಗೆಚಾಟಿಕೆಗೆ ಸಿಡುಕುವುದನ್ನೂ ಬಿಟ್ಟಳು. ಈ ಸಲ ಚಳಿ ಶುರುವಾದಾಗ ಹಿತ್ತಲ ಬಾಗಿಲಲ್ಲಿ ನಿಂತು, "ನಾನೇ ಎಲ್ಲೋ ಕನಸು ಕಂಡಿರಬೇಕು ಬಿಡಿ. ಅದನ್ನ ಕಿತ್ತು ಅಲ್ಲೊಂದು ಬಚ್ಚಲು ಕಟ್ಟಿಸೋಣ" ಎಂದುಬಿಟ್ಟಳು.

ಮಟ್ಟಸಣ್ಣನಿಗೆ ಅದು ಚುರುಕ್ಕೆಂದಿತು. ಅವಳು ಹುಟ್ಟಿದ ಮನೆ ಡಾಂಬರಿನಡಿ ಹೋಗಿತ್ತು, ಅತ್ತೆ ಎಂದೋ ತೀರಿಕೊಂಡಿದ್ದರು. ಉಳಿದಿದ್ದದ್ದು ಈ ಗಿಡ, ಅದರ ನೆನಪು. ಆ ನೆನಪೂ ಸುಳ್ಳೆಂದು ಅವಳ ಬಾಯಿಂದಲೇ ಬಂದರೆ ಇನ್ನೇನು ಉಳಿಯಿತು? ಬೇಡ ಎನ್ನಬೇಕೆನ್ನಿಸಿದರೂ, ಹೂ ಬಿಡುತ್ತದೆ ಎಂದು ಅವನೇ ನಂಬಿರಲಿಲ್ಲವಾದ್ದರಿಂದ ಬಾಯಿ ಬರಲಿಲ್ಲ. ಗಾರೆ ಮೇಸ್ತ್ರಿ ಬಂದು ಹಿಮ್ಮಡಿಯಿಂದ ನೆಲ ಕುಟ್ಟಿ ನೋಡಿ, "ಕಲ್ಲಾಗಿದೆ. ಚಳಿ ಇಳೀಲಿ, ಬಂದು ಬುಡಸಮೇತ ಕಿತ್ತು ಪಾಯ ತೋಡ್ತೀನಿ" ಎಂದು ಹೋದ.

ಆಮೇಲಾದದ್ದು ಟವೆಲ್ಲಿನ ಪ್ರಸಂಗ. ಒಗೆದ ಟವೆಲ್ಲುಗಳಿಂದ ಸೋರಿದ ನೀರು ಹಿತ್ತಲ ಮೆಟ್ಟಿಲ ಮೇಲೆ ಗಾಜಿನಂತೆ ಹೆಪ್ಪುಗಟ್ಟಿತ್ತು. ಮಟ್ಟಸಣ್ಣ ಜಾರಿ ಬಿದ್ದ, ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಬಿತ್ತು, ಅಂಗಡಿಗೆ ಬೀಗವೂ ಬಿತ್ತು. ಕೆಲಸವಿಲ್ಲದ ಕೈ ತುರಿಸತೊಡಗಿತು.

ಹಿತ್ತಲಿಗೆ ಹೋದಾಗಲೆಲ್ಲ ಗಿಡ ಕೆದರಿದ ತಲೆಯಲ್ಲಿ ಅವನನ್ನು ಅಣಕಿಸುತ್ತಿತ್ತು. ಹೋಗುವುದಾದರೂ ಮಟ್ಟಸವಾಗಿ ಹೋಗಲಿ ಎಂದುಕೊಂಡು ಒಂದು ಮಧ್ಯಾಹ್ನ ಎಡಗೈಯಲ್ಲಿ ದೊಡ್ಡ ಕತ್ತರಿ ಹಿಡಿದ. ಕತ್ತರಿಯ ಒಂದು ಹಿಡಿಯನ್ನು ಪ್ಲಾಸ್ಟರಿಗೆ ಒತ್ತಿಕೊಂಡು, ಹಲ್ಲು ಕಚ್ಚಿ, ಬಾಗಿಲ ಕಡೆಯ ಪಕ್ಕವನ್ನು ಹೇಗೋ ಸವರಿದ. ಅಷ್ಟರಲ್ಲಿ ಕತ್ತರಿ ಜಾರಿ ಕಾಲ ಬಳಿ ಠಣ್ ಎಂದು ಬಿತ್ತು. ಹೆಂಡತಿ ಓಡಿ ಬಂದಳು.

"ಇರೋದೊಂದು ಕೈನೂ ಕಳ್ಕೊಳ್ಳೋ ಹಂಬಲಾನಾ ನಿಮಗೆ? ಹೇಗೂ ಕೀಳಿಸೋ ಗಿಡಕ್ಕೆ ಸಿಂಗಾರ ಬೇರೆ!" ಎಂದು ಬೈದು ಕತ್ತರಿಯನ್ನು ಬೀರುವಿನ ಮೇಲೆ ಎಸೆದಳು. ಸಿಟ್ಟಿನಲ್ಲಿ ಕಡ್ಡಿಗಳನ್ನು ಗುಡಿಸಲೂ ಇಲ್ಲ. ಅರ್ಧ ಕ್ಷೌರದ ಆ ಗಿಡವನ್ನು ನೋಡಲಾರದೆ ಮಟ್ಟಸಣ್ಣ ಹಿತ್ತಲ ಕಡೆ ತಲೆ ಹಾಕುವುದನ್ನೇ ಬಿಟ್ಟ. ಅವಳೂ ಬಟ್ಟೆಯನ್ನು ಅಂಗಡಿಯೊಳಗೇ ಹರವತೊಡಗಿದಳು.

ಚಳಿ ಇಳಿಯಿತು. ಮೇಸ್ತ್ರಿ ಬರುವ ಬೆಳಿಗ್ಗೆ ಮಟ್ಟಸಣ್ಣ ಎದ್ದು ಅಡುಗೆಮನೆಗೆ ಬಂದರೆ ಗೋಡೆಯೆಲ್ಲ ಹಳದಿ. ದೀಪ ಆರಿಸಿಲ್ಲವೇ ಎಂದು ಗೊಣಗುತ್ತಾ ಸ್ವಿಚ್ಚಿಗೆ ಕೈ ಹಾಕಿದ. ದೀಪ ಆರಿಯೇ ಇತ್ತು. ಬೆಳಕು ಕಿಟಕಿಯಿಂದ ಬರುತ್ತಿತ್ತು. ಬಾಗಿಲು ತೆರೆದ.

ಗಿಡ ಇರಲಿಲ್ಲ. ಗಿಡವಿದ್ದ ಜಾಗದಲ್ಲಿ ಹಳದಿ ನಿಂತಿತ್ತು. ಒಂದು ಎಲೆಯ ಹಸಿರೂ ಬೆರೆಯದ, ಹೊಸ ಬಿಸಿಲಿನಲ್ಲಿ ಕಣ್ಣು ಕೋರೈಸುವ ಹಳದಿ. ಅವನು ಬೈದುಕೊಂಡಿದ್ದ ಕೆದರಿದ ಕೊಂಬೆಗಳು ಒಂದೊಂದೂ ಬುಡದಿಂದ ತುದಿಯವರೆಗೆ ಹೂ ತುಂಬಿಕೊಂಡು, ಭಾರಕ್ಕೆ ಬಾಗಿ, ನೆಲ ಮುಟ್ಟುತ್ತಿದ್ದವು. ಊರಲ್ಲಿ ಇನ್ನೊಂದು ಮರವೂ ಚಿಗುರಿರಲಿಲ್ಲ. ಇಷ್ಟು ದಿನ ಸತ್ತಂತೆ ನಿಂತಿದ್ದ ಕಡ್ಡಿಗಳೊಳಗೆ ಇದೆಲ್ಲ ಎಲ್ಲಿತ್ತು? ಬರಿಗಾಲಲ್ಲಿ ತಣ್ಣನೆಯ ನೆಲದ ಮೇಲೆ ನಿಂತಿರುವುದು ಅವನಿಗೆ ಗೊತ್ತೇ ಆಗಲಿಲ್ಲ. ಚಿಕ್ಕ ಮಗುವಿನಂತೆ ಬಾಯಿ ಬಿಟ್ಟುಕೊಂಡು ನೋಡಿದ.

ಆಮೇಲೆ ಕಸುಬಿನ ಕಣ್ಣು ತಾನಾಗಿಯೇ ಬಾಗಿಲ ಕಡೆಯ ಪಕ್ಕಕ್ಕೆ ಹೋಯಿತು. ಅಲ್ಲಿ ಒಂದೇ ಒಂದು ಹೂವಿರಲಿಲ್ಲ. ಬಾಚಣಿಗೆಯಿಂದ ಬೈತಲೆ ತೆಗೆದ ಹಾಗೆ ಈಚೆಗೆ ಬೋಳು, ಆಚೆಗೆ ಹಳದಿ. ಕೆಳಗೆ ನೋಡಿದರೆ ಅವನು ಕತ್ತರಿಸಿ ಕೆಡವಿದ್ದ ಕಡ್ಡಿಗಳು. ಅವುಗಳ ಮೇಲಿನ ಗಂಟುಗಳೂ ಒದ್ದೆ ಮಣ್ಣಿನಲ್ಲೇ ಬಿರಿಯಲು ನೋಡಿ, ಹಳದಿ ತುದಿ ಹೊರಹಾಕಿ, ಒಣಗಿಹೋಗಿದ್ದವು.

ಆ ಗಂಟುಗಳೇ ಮೊಗ್ಗುಗಳಾಗಿದ್ದವು. ಪ್ರತಿ ವರ್ಷವೂ ಹೂ ಬಂದಿತ್ತು. ಪ್ರತಿ ವರ್ಷವೂ ಅರಳುವ ಮೊದಲೇ ಅವನು ಕತ್ತರಿಸಿದ್ದ, ಅವಳು ಒಲೆಗಿಟ್ಟಿದ್ದಳು, ಆ ನೀರಲ್ಲಿ ಅವನು ಸ್ನಾನ ಮಾಡಿದ್ದ.

"ಏ... ಬಾರೇ ಇಲ್ಲಿ" ಎಂದ.

ಅಂಗಡಿಯ ಮುಂದೆ ನೀರು ಹಾಕುತ್ತಿದ್ದವಳು ಒದ್ದೆ ಕೈಯಲ್ಲೇ ಬಂದು ಹೊಸ್ತಿಲ ಮೇಲೆ ನಿಂತಳು. ಮೆಲ್ಲನೆ ಇಳಿದು ಹೋಗಿ, ಕೊಂಬೆ ಸರಿಸಿ, ಒಳಗೆ ಮುಖ ಇಟ್ಟಳು.

"ಹೀಗೇ ಇತ್ತು ರೀ. ಥೇಟ್ ಹೀಗೇ. ನಾನು ಸುಳ್ಳು ಹೇಳಿರಲಿಲ್ಲ." ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಇಲ್ಲ ಕಣೇ. ನಾನೇ... ವರ್ಷಾ ವರ್ಷಾ ನಾನೇ ಕತ್ತರಿಸಿ ಹಾಕ್ತಿದ್ದೆ. ನೋಡು ಈ ಕಡೆ."

ಅವಳು ಬೋಳು ಪಕ್ಕವನ್ನು ನೋಡಿದಳು, ಕೆಳಗಿನ ಕಡ್ಡಿಗಳನ್ನು ನೋಡಿದಳು, ಅವನನ್ನು ನೋಡಿದಳು. ಮಟ್ಟಸಣ್ಣ ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ.

"ಎಲ್ಲರೂ ನಿಮ್ಮ ಕುರ್ಚೀಲಿ ಕೂರೋಕೇ ಹುಟ್ಟಿರೋದು ಅಂದ್ಕೊಂಡ್ರೆ ಹೀಗೇ ಆಗೋದು" ಎಂದಳು ಕಣ್ಣೊರೆಸಿಕೊಂಡು. "ನಾನೊಬ್ಬಳು ಮಾತ್ರ ಇವತ್ತಿಗೂ ಕೂತಿಲ್ಲ."

ಆ ಹೊತ್ತಿಗೆ ಹಾರೆ ಹೆಗಲಿಗೇರಿಸಿಕೊಂಡು ಬಂದ ಮೇಸ್ತ್ರಿ ಹಾರೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. "ಇದನ್ನಾ ಕೀಳ್ಬೇಕು?" ಎಂದ, ಪಿಸುದನಿಯಲ್ಲಿ.

"ಏನೂ ಕೀಳೋದು ಬೇಡಪ್ಪ" ಎಂದ ಮಟ್ಟಸಣ್ಣ. "ಒಂಚೂರು ಕೈ ಕೊಡು ಬಾ."

ಇಬ್ಬರೂ ಸೇರಿ ಅಂಗಡಿಯ ಭಾರದ ಕುರ್ಚಿಯನ್ನು ಹೊತ್ತು ತಂದು ಗಿಡದ ಕೆಳಗಿಟ್ಟರು. ಅವಳು ನಾಚಿಕೊಂಡು ಕೂತಳು. ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಮಟ್ಟಸಣ್ಣ ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಎಡಗೈಯಿಂದ ಅವಳ ಹೆಗಲ ಮೇಲೆ ಹೊದಿಸಿದ. ಗಾಳಿ ಬೀಸಿದಾಗ ಬಟ್ಟೆಯ ಮೇಲೆ ಹೂಗಳು ಉದುರಿದವು. ಕೊಡವಲು ಅಭ್ಯಾಸಬಲದಿಂದ ಮುಂದೆ ಹೋದ ಅವನ ಕೈ ಹಾಗೇ ನಿಂತಿತು.

ಒಂದು ಹೂ ಅವಳ ಕಿವಿಯ ಮೇಲಿನ ಕೂದಲಲ್ಲಿ ಸೊಟ್ಟಗೆ ಸಿಕ್ಕಿಕೊಂಡಿತ್ತು. ಮಟ್ಟಸಣ್ಣ ಅದನ್ನು ಸರಿ ಮಾಡಲಿಲ್ಲ.