ಕನ್ನಮ್ಮನ ಹೆಬ್ಬಾವು

ಹೂವಪ್ಪನ ಕೋಳಿಗೂಡಿಗೆ ನುಗ್ಗಿದ ಹೆಬ್ಬಾವು ಹುಂಜವೊಂದನ್ನು ನುಂಗಿ, ಬಂದ ಕಿಂಡಿಯಲ್ಲಿ ಹೊರಗೆ ಹೋಗಲಾರದೆ ಸಿಕ್ಕಿಬಿದ್ದಿತ್ತು. ಹೂವಪ್ಪ ಕುತ್ತಿಗೆಗೆ ಹಗ್ಗದ ಕುಣಿಕೆ ಹಾಕಿ ಕೊಂದ. ಕಲ್ಲುಕೊಪ್ಪದವರೆಲ್ಲ ಬಂದು ನೋಡಿ, ಇನ್ನು ಸುಟ್ಟುಬಿಡೋಣ ಅನ್ನುವಷ್ಟರಲ್ಲಿ ಗುತ್ಯಪ್ಪನ ಮಗಳು ಕನ್ನಮ್ಮ ಮುಂದೆ ಬಂದು, ಅದು ತನಗೆ ಬೇಕು ಅಂದಳು.

ಅರವತ್ತೈದನೇ ಇಸವಿ, ದೀಪಾವಳಿ ಕಳೆದಿತ್ತಷ್ಟೆ. ಕನ್ನಮ್ಮ ಹೊಸನಗರಕ್ಕೆ ನಡೆದು ಹೋಗಿ ಒಂಬತ್ತನೇ ಇಯತ್ತೆ ಓದುತ್ತಿದ್ದಳು. ಬೇಸಿಗೆಗೆ ಮುಂಚೆ ಸಾಗರದಲ್ಲಿ ಶಾಲಾಮಕ್ಕಳ ವಿಜ್ಞಾನ ವಸ್ತುಪ್ರದರ್ಶನ ಅಂತ ವಿಜ್ಞಾನದ ಮಹಾಗಣಪತಿ ಮೇಷ್ಟ್ರು ಹೇಳಿದ್ದರು. ಕ್ಲಾಸಿನ ಹುಡುಗರೆಲ್ಲ ಅಣೆಕಟ್ಟೆ ಮಾಡುತ್ತೇವೆ ಅಂದಿದ್ದರು. ಕನ್ನಮ್ಮನಿಗೆ ಅಣೆಕಟ್ಟೆ ಬೇಡವಾಗಿತ್ತು. ಏನು ಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಆ ಹಾವನ್ನು ಕಂಡ ಮೇಲೆ ಗೊತ್ತಾಯಿತು.

ಮೇಷ್ಟ್ರಿಗೂ ಹಾವಿನ ಮೂಳೆ ಜೋಡಿಸಿ ಗೊತ್ತಿರಲಿಲ್ಲ. ಪುಸ್ತಕದ ಚಿತ್ರವೊಂದನ್ನು ತೋರಿಸಿ, ಮಣ್ಣಿನಲ್ಲಿ ಹೂತಿಟ್ಟರೆ ಮಾಂಸವೆಲ್ಲ ಕಳಚಿಹೋಗುತ್ತದೆ, ಆದರೆ ಮೂಳೆ ಕಲಸಿಹೋದರೆ ಯಾವುದರ ಮುಂದೆ ಯಾವುದು ಅಂತ ಬ್ರಹ್ಮನಿಗೂ ತಿಳಿಯುವುದಿಲ್ಲ ಅಂದರು. ಅದಕ್ಕೇ ಕನ್ನಮ್ಮ ಅಪ್ಪನ ಕತ್ತಿಯಿಂದ ಹಾವನ್ನು ಅಡ್ಡಡ್ಡ ತುಂಡು ಮಾಡಿ, ಒಂದೊಂದನ್ನೂ ಹಳೇ ಪಂಚೆಯ ಚೂರಿನಲ್ಲಿ ಬೇರೆಬೇರೆ ಕಟ್ಟಿ, ತಲೆಯಿಂದ ಬಾಲದವರೆಗೆ ಸಾಲಾಗಿ ಹಿತ್ತಲಿನಲ್ಲಿ ಹೂತಳು.

ಅಜ್ಜಿ ಕೆರಿಯಮ್ಮನಿಗೆ ಇದು ಒಂಚೂರೂ ಸರಿಬರಲಿಲ್ಲ. ಹಾವಿನ ಮೂಳೆ ಹೊಸ್ತಿಲು ದಾಟಕೂಡದು, ಮುಟ್ಟಿದವಳು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಬರಕೂಡದು ಅಂತ ಕಟ್ಟುನಿಟ್ಟು ಮಾಡಿದಳು. ಕನ್ನಮ್ಮ ಎದುರಾಡಲಿಲ್ಲ. ಮಾಗಿಯ ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದರೂ ದಿನವೂ ಬಚ್ಚಲಿಗೆ ಹೋದಳು. ಕೊಟ್ಟಿಗೆಯ ಮೂಲೆಯೇ ಅವಳ ಕೆಲಸದ ಜಾಗವಾಯಿತು.

ಗಂಟುಗಳನ್ನು ಒಂದೊಂದಾಗಿ ಅಗೆದು ತೆಗೆಯುತ್ತಿದ್ದ ದಿನಗಳಲ್ಲೇ ಬೀದಿನಾಯಿಯೊಂದು ಹಿತ್ತಲಿಗೆ ನುಗ್ಗಿ ನಡುವಿನ ಗಂಟೊಂದನ್ನು ಕೆದರಿ ಹಾಕಿತು. ಕನ್ನಮ್ಮ ಶಾಲೆಯಿಂದ ಬಂದಾಗ ಅಜ್ಜಿ ಕೋಲು ಹಿಡಿದು ಅಲ್ಲೇ ಬಿಸಿಲಿನಲ್ಲಿ ಕೂತಿದ್ದಳು. ಚೆಲ್ಲಾಪಿಲ್ಲಿಯಾದ ಮೂಳೆಗಳ ಮೇಲೆ ಬುಟ್ಟಿ ಕವುಚಿಟ್ಟಿತ್ತು.

"ನಾ ಮುಟ್ಲಿಲ್ಲ," ಅಂದಳು ಕೆರಿಯಮ್ಮ. "ಬಿದ್ದದ್ದು ಬಿದ್ದಲ್ಲೇ ಅದೆ. ನೋಡ್ಕೋ."

ಕನ್ನಮ್ಮನಿಗೆ ಅಳು ಬಂತು. ಅಳುತ್ತಲೇ ಹೆಕ್ಕಿದಳು. ನಡುವಿನ ಮೂಳೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಗಾತ್ರ. ಆದರೆ ತೊಳೆದು ಒಣಗಿಸುವಾಗ ಒಂದು ಸಂಗತಿ ಕಂಡಿತು: ಪ್ರತಿ ಮೂಳೆಯ ಒಂದು ಕಡೆ ಗುಂಡಿ, ಇನ್ನೊಂದು ಕಡೆ ಉಬ್ಬಿದ ಗುಬುಟು. ಒಂದರ ಗುಬುಟು ಅದರ ಜೊತೆಯದರ ಗುಂಡಿಯಲ್ಲಿ ಕೂತರೆ ಅಲುಗಾಡದು. ಬೇರೆಯದರಲ್ಲಿ ಕೂತರೆ ಕೊಂಚ ಲಟಪಟ. ಹಾಗೆ ಒಂದೊಂದನ್ನೂ ಹಿಡಿದು ನೋಡಿ, ಜೊತೆ ಸಿಕ್ಕಿದ್ದನ್ನು ತಂತಿಗೆ ಪೋಣಿಸಿದಳು. ಪಕ್ಕೆಲುಬುಗಳನ್ನು ಮರದ ಅಂಟಿನಿಂದ ಕೂರಿಸಿದಳು. ಪರೀಕ್ಷೆ ಹತ್ತಿರ ಬರುತ್ತಿದೆ, ಇಷ್ಟಕ್ಕೇ ಬಿಡು ಅಂತ ಮೇಷ್ಟ್ರೇ ಒಂದು ಸಲ ಅಂದರು. ಅವಳು ಕೆಲಸ ಬಿಡಲಿಲ್ಲ.

ಕೊನೆಗೆ ಎಲ್ಲ ತುಂಡುಗಳನ್ನೂ ಸೇರಿಸುವಾಗ, ನಾಯಿ ಕೆದರಿದ ತುಂಡು ಮಾತ್ರ ಎರಡು ತುದಿಯಲ್ಲೂ ಸರಿಯಾಗಿ ಕೂರಲಿಲ್ಲ. ಮೂಳೆ ಒಂದೆರಡು ಕಳೆದುಹೋಗಿರಬೇಕು ಅಂದುಕೊಂಡು ಸಂದಿಗೆ ಜೇನುಮೇಣ ತುಂಬಿದಳು. ಗುತ್ಯಪ್ಪ ಹಲಸಿನ ಹಲಗೆಯೊಂದನ್ನು ಕೀಸಿ ಕೊಟ್ಟ. ಹಾವು ಅದರ ಮೇಲೆ ಸುತ್ತಿಬಳಸಿ ಹರಿಯುವಂತೆ ಕೂತಿತು.

ಸಾಗರದ ಬಸ್ಸಿನ ಕಂಡಕ್ಟರು ಹಲಗೆಯನ್ನು ಟಾಪಿಗೆ ಹಾಕಿ ಅಂದ. ಹಾಗಿದ್ದರೆ ತಾನೂ ಟಾಪಿನಲ್ಲೇ ಬರುತ್ತೇನೆ ಅಂತ ಕನ್ನಮ್ಮ ಏಣಿ ಹತ್ತತೊಡಗಿದಳು. ಕೊನೆಗೆ ಹಿಂದಿನ ಸೀಟಿನವರೇ ಎದ್ದು ಜಾಗ ಬಿಟ್ಟರು. ಅವಳು ಹಲಗೆ ಹಿಡಿದು ದಾರಿಯುದ್ದಕ್ಕೂ ನಿಂತೇ ಹೋದಳು.

ಪ್ರದರ್ಶನದಲ್ಲಿ ಅಣೆಕಟ್ಟೆಗಳೇ ಸಾಲುಸಾಲು. ತೀರ್ಥಹಳ್ಳಿಯ ಹುಡುಗರದ್ದರಲ್ಲಿ ನೀರು ಬಿಟ್ಟರೆ ಬಲ್ಬೇ ಹತ್ತುತ್ತಿತ್ತು. ಆದರೂ ಹಾವಿನ ಮುಂದೆ ಜನ ಕರಗಲಿಲ್ಲ. ತೀರ್ಪುಗಾರರಲ್ಲಿ ಒಬ್ಬರಾದ ದನದ ಡಾಕ್ಟರು ರಾಮಚಂದ್ರಪ್ಪ ಬಗ್ಗಿ, ಬಹಳ ಹೊತ್ತು ನೋಡಿ, ಬೆರಳನ್ನು ನಡುವಿಗೆ ತಂದು ನಿಲ್ಲಿಸಿದರು.

"ಇಲ್ಲಿ ಮೇಣ ಯಾಕಮ್ಮ?"

ಮೂಳೆ ಕಳೆದಿರಬೇಕು ಅಂದಳು ಕನ್ನಮ್ಮ.

"ಕಳೆದಿಲ್ಲ. ಪಕ್ಕೆಲುಬು ನೋಡು. ಬೇರೆ ಕಡೆ ಎಲ್ಲ ಬಾಲದ ಕಡೆ ವಾಲಿದೆ. ಇಲ್ಲಿ?"

ಕನ್ನಮ್ಮ ನೋಡಿದಳು. ಅಲ್ಲಿ ತಲೆಯ ಕಡೆಗೆ ವಾಲಿತ್ತು. ಇಡೀ ತುಂಡು ಹಿಂದುಮುಂದಾಗಿತ್ತು; ಒಂದು ತುದಿಯಲ್ಲಿ ಗುಬುಟಿಗೆ ಗುಬುಟು, ಇನ್ನೊಂದರಲ್ಲಿ ಗುಂಡಿಗೆ ಗುಂಡಿ. ದಿನವೂ ಕಣ್ಣೆದುರಿಗೇ ಇದ್ದದ್ದು ತನಗೆ ಕಾಣಲಿಲ್ಲವಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ಡಾಕ್ಟರು ಬೇಸರ ಮಾಡ್ಕೋಬೇಡ, ಕೆಲಸ ಚೆನ್ನಾಗಿದೆ ಅಂದು ಮುಂದೆ ಹೋದರು.

ಮೇಷ್ಟ್ರು ಬಂದು ಸಮಾಧಾನ ಹೇಳಿದರು. ನೋಡಲು ಬಂದವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ, ಊರಿಗೆ ಹೋಗಿ ನಿಧಾನಕ್ಕೆ ಸರಿಮಾಡಿದರಾಯಿತು, ಈಗ ಕೈಹಾಕಿದರೆ ಎಲ್ಲ ಮುರಿದೀತು ಅಂದರು.

"ತಪ್ಪು ಅಂತ ಗೊತ್ತಾದ ಮೇಲೆ ಹೆಂಗೆ ತೋರಿಸ್ಲಿ ಸಾರ್?" ಅಂದಳು ಕನ್ನಮ್ಮ.

ತೀರ್ಥಹಳ್ಳಿಯ ಹುಡುಗರ ಹತ್ತಿರ ಇಕ್ಕಳ ಬೇಡಿ ತಂದಳು. ಹಲಗೆಯನ್ನು ನೆಲಕ್ಕಿಳಿಸಿ, ಲಂಗ ಒತ್ತರಿಸಿ ಕೂತು, ತಂತಿ ಕತ್ತರಿಸಿದಳು. ಸುತ್ತ ಜನ ಗುಂಪುಗೂಡಿದರು. ಯಾರೋ ನಕ್ಕರು, ಹುಡುಗಿಗೆ ಹುಚ್ಚು ಅಂದರು. ಅವಳು ತಲೆ ಎತ್ತಲಿಲ್ಲ. ತುಂಡನ್ನು ಬಿಡಿಸುವಾಗ ನಾಲ್ಕಾರು ಪಕ್ಕೆಲುಬು ಕಳಚಿ ಬಿದ್ದವು; ಹೆಕ್ಕಿ ಮಡಿಲಿನಂತೆ ಹಿಡಿದ ದಾವಣಿಯಲ್ಲಿ ಹಾಕಿಕೊಂಡಳು. ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ, ಕೋಟು ಬಿಚ್ಚಿಟ್ಟು, ಅವಳೆದುರಿಗೆ ಕೂತು ತಂತಿಯ ತುದಿ ಹಿಡಿದರು.

ಆಚೆ ಚಪ್ಪರದಲ್ಲಿ ಬಹುಮಾನದ ಹೆಸರು ಕೂಗಿದರು. ಮೊದಲನೆಯದು ತೀರ್ಥಹಳ್ಳಿಗೆ. ಕನ್ನಮ್ಮನ ಹೆಸರು ಬರಲಿಲ್ಲ. ಮೇಷ್ಟ್ರು ಅವಳ ಮುಖ ನೋಡಿದರು. ಅವಳು ಮೇಣ ಕೆರೆಯುತ್ತಿದ್ದಳು.

ತುಂಡನ್ನು ತಿರುಗಿಸಿ ಇಟ್ಟಾಗ ಮೊದಲ ಗುಬುಟು ಗುಂಡಿಯಲ್ಲಿ ತಾನಾಗಿ ಹೋಗಿ ಕೂತಿತು. ಆಚೆ ತುದಿಯೂ ಕೂತಿತು. ಕಳಚಿದ ಪಕ್ಕೆಲುಬುಗಳನ್ನು ಕೆರೆದು ತೆಗೆದ ಮೇಣದಿಂದಲೇ ಮತ್ತೆ ಅಂಟಿಸಿ, ತಂತಿ ಬಿಗಿದು, ಹಲಗೆಯನ್ನು ಎತ್ತಿ ಮೇಜಿನ ಮೇಲಿಟ್ಟಳು.

"ಸಾರ್, ಕಣ್ಣು ಮುಚ್ಚಿ ಬೆರಳಾಡಿಸಿ," ಅಂದಳು.

ಮಹಾಗಣಪತಿ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಮುಚ್ಚಿದರು. ತಲೆಯ ಹಿಂದಿನಿಂದ ಶುರುಮಾಡಿದ ಬೆರಳು ಒಂದೊಂದೇ ಸುತ್ತು ಬಳಸಿ, ಎಲ್ಲೂ ತಡೆಯದೆ, ಬಾಲದ ತುದಿಗೆ ಬಂದು ನಿಂತಿತು.