ಸೋಮಯ್ಯನ ಕೈಗುಣ

ಮಹದೇವಸ್ವಾಮಿಯ ಹೊಲದ ಬದುವಿಗೆ ಕಾಲಿಟ್ಟ ಕೂಡಲೇ ಸೋಮಯ್ಯ ಅಲ್ಲೇ ನಿಂತುಬಿಟ್ಟ. ಹೆಣ್ಣಾಳುಗಳು ಸಾಲು ಹಿಡಿದು ಅರಿಸಿನದ ಬಿತ್ತನೆ ಗೆಡ್ಡೆ ಊರುತ್ತಿದ್ದರು. ಆಗಲೇ ಅರ್ಧ ಹೊಲ ಮುಗಿದಿತ್ತು. ಮೂಲೆಯಲ್ಲಿ ಕುಂಕುಮ ಹಚ್ಚಿದ ಕಲ್ಲು, ಒಡೆದ ತೆಂಗಿನಕಾಯಿ, ಉರಿದು ಮುಗಿದ ಊದುಬತ್ತಿ. ಅಂದರೆ ಬೆಳಿಗ್ಗೆಯೇ ಪೂಜೆಯಾಗಿದೆ, ಮೊದಲ ಗೆಡ್ಡೆಯನ್ನು ಯಾರೋ ಊರಿದ್ದಾರೆ. ಆ ಯಾರೋ ತಾನಲ್ಲ.

“ಓ ಸೋಮಣ್ಣ, ಬನ್ನಿ ಬನ್ನಿ,” ಎಂದು ಮಹದೇವಸ್ವಾಮಿ ಅತಿಯಾಗಿಯೇ ನಕ್ಕ. “ಮಳೆ ಬರಂಗದೆ ಅಂತ ಬೇಗ್ನೆ ಸ್ಟಾರ್ಟ್ ಮಾಡ್ಬುಟ್ಟೊ ಕಣ.”

“ಯಾರ ಕೈಲಿ ಮಾಡುಸ್ದೆ?”

ಮಹದೇವಸ್ವಾಮಿ ತಲೆಯೆತ್ತಿ ಆಕಾಶ ನೋಡಿದ. “ಮಾರಯ್ಯ ಇಲ್ಲೇ ಬಂದಿದ್ದ. ಅಂಗೇ ಒಂದ್ ಗೆಡ್ಡೆ ಊರ್ಬುಡು ಅಂದೆ.”

ಆಕಾಶದಲ್ಲಿ ಮಳೆಯ ಮಾತಿರಲಿ, ಒಂದು ಮೋಡದ ಚೂರೂ ಇರಲಿಲ್ಲ. ಸೋಮಯ್ಯ ಬಂದ ದಾರಿಗೆ ಸುಂಕವಿಲ್ಲದವನಂತೆ ಹಿಂತಿರುಗಿದ.

ಇವರ ಊರು ತೆರಕಣಾಂಬಿಗೆ ಇಂಗ್ಲಿಷ್ ಬಂದದ್ದು ಶಾಲೆಯ ಬಾಗಿಲಿನಿಂದಲ್ಲ, ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ. ಮೊದಲು ಮೋಟರು ಸ್ಟಾರ್ಟ್ ಆಯಿತು, ಆಮೇಲೆ ಬಸ್ಸು. ಅಷ್ಟಕ್ಕೇ ಸುಮ್ಮನಾಗದ ಆ ಮಾತು ಊರೊಳಗೆ ನುಗ್ಗಿ ಮದುವೆಯ ಮಾತುಕತೆ, ಅತ್ತೆ ಸೊಸೆಯರ ಜಗಳ, ಮಂಡಿನೋವು, ಹೆರಿಗೆನೋವು ಎಲ್ಲವನ್ನೂ ಸ್ಟಾರ್ಟ್ ಮಾಡಿಬಿಟ್ಟಿತು. ಬೇಸಾಯವನ್ನೇ ‘ಆರಂಭ’ ಎಂದು ಕರೆಯುತ್ತಿದ್ದ ಸೀಮೆ ಇದು. ಈಗ ಆ ಆರಂಭವನ್ನೂ ಸ್ಟಾರ್ಟ್ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಹೆಬ್ಬೆಟ್ಟಾದ ಸೋಮಯ್ಯನೂ ಈ ಒಂದು ಮಾತಿನಲ್ಲಿ ಪಂಡಿತ. ಅವನ ಪ್ರಕಾರ ಸ್ಟಾರ್ಟ್ ಎಂಬುದು ಎರಡು ಬಗೆ. ಒಂದು ಬೆರಳಿನಿಂದ ಆಗುವಂಥದ್ದು. ಗುಂಡಿ ಒತ್ತಿದವನು ಕಳ್ಳನಾದರೂ ಮೋಟರು ಓಡುತ್ತದೆ. ಇನ್ನೊಂದು ಕೈಗುಣದಿಂದ ಆಗುವಂಥದ್ದು. ಅರಿಸಿನದ ಮೊದಲ ಗೆಡ್ಡೆ, ಹೊಸ ಮನೆಯ ಮೊದಲ ಕಲ್ಲು, ಅಂಗಡಿಯ ಮೊದಲ ವ್ಯಾಪಾರ ಇವೆಲ್ಲ ಯಾರ ಕೈಯಿಂದ ಆದರೂ ಆದೀತು, ಆದರೆ ಏಳಿಗೆಯಾಗಬೇಕಾದರೆ ಕೈ ಒಳ್ಳೆಯದಿರಬೇಕು. ಸುತ್ತಲ ಹಳ್ಳಿಗಳಲ್ಲಿ ಅಂಥ ಕೈ ಸೋಮಯ್ಯನದು. “ಸೋಮಣ್ಣ ಮುಟ್ಟುದ್ರೆ ಮುಗೀತು” ಎಂದು ಜನ ಹೇಳುವುದನ್ನು ಕೇಳುತ್ತಲೇ ಅವನು ಮುದುಕನಾಗಿದ್ದ. ಇದ್ದ ತುಂಡು ಜಮೀನು, ಎರಡು ಹಸು ಅವನಿಗೆ ಹೊಟ್ಟೆಗೆ ಕೊಟ್ಟಿದ್ದವು; ಮರ್ಯಾದೆ ಕೊಟ್ಟದ್ದು ಆ ಬಲಗೈ.

ಆ ಕೈಯನ್ನು ಯಾರೂ ಕರೆಯದೆ ತಿಂಗಳುಗಳಾಗಿದ್ದವು. ಕೊನೆಯ ಸಲ ಕರೆದವನು ರವಿಕುಮಾರ, ಹೊಸ ಟ್ರ್ಯಾಕ್ಟರ್ ತಂದಾಗ. ನಿಂಬೆಹಣ್ಣಿಟ್ಟು, ಹಾರ ಹಾಕಿ, “ಸ್ಟಾರ್ಟ್ ಮಾಡಿ ದೊಡ್ಡಪ್ಪ” ಎಂದು ಕೀ ಕೊಟ್ಟಿದ್ದ. ಕೀ ಹೋಗುವುದು ಸ್ವಲ್ಪ ತಡವಾಯಿತು. ಹೊಸ ಗಾಡಿ, ತೂತು ಬಿಗಿ. ಆದರೂ ಗಾಡಿ ಸ್ಟಾರ್ಟ್ ಆಯಿತಲ್ಲ! ಆಮೇಲೆ ಯಾಕೆ ಹೀಗೆ?

ಅನುಮಾನಕ್ಕೆ ಒಂದು ಎಳೆ ಸಿಕ್ಕರೆ ಸಾಕು, ಅದೇ ಬಟ್ಟೆ ನೇಯ್ದುಕೊಳ್ಳುತ್ತದೆ. ಟ್ರ್ಯಾಕ್ಟರ್ ಕೆಟ್ಟಿರಬೇಕು, ರವಿಕುಮಾರ ತನ್ನ ಕೈಯ ಮೇಲೆ ಗೂಬೆ ಕೂರಿಸಿರಬೇಕು ಎಂದುಕೊಂಡು ಸೋಮಯ್ಯ ಅವನ ಮನೆ ಮುಂದೆ ಹಾದ. ಟ್ರ್ಯಾಕ್ಟರಿಗೆ ಒಂದು ಸುತ್ತು ಬಂದು, ಬಗ್ಗಿ ಅಡಿಯನ್ನೂ ನೋಡಿದ.

“ಏನ್ ದೊಡ್ಡಪ್ಪ, ಏನಾರ ಬಿದ್ದೋಯ್ತಾ?” ಎಂದು ರವಿಕುಮಾರ ಕೇಳಿದ.

“ಏನಿಲ್ಲ ಕಣ್ಲಾ. ಗಾಡಿ ಎಂಗದೆ?”

“ರಾಜ ಇದ್ದಂಗದೆ.”

ರಾಜ ಇದ್ದ ಹಾಗಿದ್ದರೆ ಈ ಹುಡುಗ ನೆಲ ನೋಡಿಕೊಂಡು ಯಾಕೆ ಹೇಳಬೇಕು? ಚಹಾದಂಗಡಿಗೆ ಹೋದರೆ ಅಲ್ಲಿದ್ದವರ ಮಾತು ನಿಂತಿತು. ಒಬ್ಬ ಎದ್ದು ಜಾಗ ಕೊಟ್ಟ. ಸೋಮಯ್ಯನಿಗೆ ಆ ಮರ್ಯಾದೆಯ ಮೇಲೂ ಅನುಮಾನ. ಹೆಣದ ಮುಂದೆಯೂ ಜನ ಹೀಗೇ ದಾರಿ ಬಿಡುತ್ತಾರೆ. ಕಡೆಗೆ ಅವನ ಅನುಮಾನವೆಲ್ಲ ಮಾರಯ್ಯನ ಮೇಲೆ ಹೋಗಿ ನಿಂತಿತು. ನಿನ್ನೆ ಮೊನ್ನೆಯವರೆಗೆ ಕುರಿ ವ್ಯಾಪಾರ ಮಾಡಿಕೊಂಡಿದ್ದವನು, ಅವನಿಗೆಲ್ಲಿಂದ ಬಂತು ಕೈಗುಣ? “ಸೋಮಯ್ಯನ ಕೈ ಕೆಟ್ಟದೆ” ಎಂದು ಅವನೇ ಮನೆಮನೆಗೂ ಹೇಳಿಕೊಂಡು ಬಂದಿರಬೇಕು.

ಆ ಬುಧವಾರ ಸೋಮಯ್ಯ ಗುಂಡ್ಲುಪೇಟೆಗೆ ಹಿಂಡಿ ತರಲು ಹೊರಟು, ಬಸ್ಸು ತಪ್ಪಿಹೋಗಿ ಬಸ್‌ಸ್ಟ್ಯಾಂಡಿನಿಂದಲೇ ಮನೆಗೆ ಬಂದ. ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾಗ ಮುಂಬಾಗಿಲ ಕಡೆಯಿಂದ ಹೆಂಡತಿ ಗುರುಮಲ್ಲಮ್ಮನ ದನಿ ಕೇಳಿತು.

“ಬ್ಯಾಡ ಕಣಮ್ಮಿ, ಅವ್ರಿಗೆ ಸೊಂಟನೋವು. ಬೇರೆಯೋರ್ನ ಕರ್ಕೊ.”

“ಶುಕ್ರವಾರ ಅಂಗಡಿ ಸ್ಟಾರ್ಟ್ ಮಾಡ್ತಾ ಇವ್ನಿ ದೊಡ್ಡವ್ವ. ದೊಡ್ಡಪ್ಪ ಬಂದು ಮಿಷಿನ್ ಮುಟ್ಟುದ್ರೆ ಸಾಕಾಗಿತ್ತು.” ಅದು ಮೇಲಿನ ಬೀದಿಯ ಭವ್ಯ. ಗಂಡನನ್ನು ಕಳೆದುಕೊಂಡ ಮೇಲೆ ಮನೆಯಲ್ಲೇ ರವಿಕೆ ಹೊಲಿದು ಮಗಳನ್ನು ಓದಿಸುತ್ತಿದ್ದವಳು, ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಡುತ್ತಿದ್ದಳು.

“ಮಾರಯ್ಯನ್ನ ಕರೀ. ನಾನೇ ಯೋಳ್ದೆ ಅಂತ ಅವ್ರಿಗೆ ಗೊತ್ತಾಗೋದು ಬ್ಯಾಡ.”

ಸೋಮಯ್ಯನ ಕೈಯಲ್ಲಿದ್ದ ಚೊಂಬು ಕಲ್ಲಿಗೆ ಬಡಿಯಿತು. ಊರೆಲ್ಲ ಹುಡುಕಿದ ಕಳ್ಳ ಅಡಿಗೆಮನೆಯಲ್ಲೇ ಇದ್ದಾಳೆ! ಮಾರಯ್ಯ ಇವಳ ತವರಿನ ಕಡೆಯ ದೂರದ ನೆಂಟ ಎಂಬುದು ಆಗಲೇ ನೆನಪಾಗಬೇಕೆ? ಭವ್ಯ ಹೋದದ್ದೇ ತಡ, ಅವನು ಒಳಗೆ ನುಗ್ಗಿದ.

“ಯಾವಾಗಮ್ಮಿ ಬಂತು ನಂಗೆ ಸೊಂಟನೋವು?”

ಗುರುಮಲ್ಲಮ್ಮ ಬೆಚ್ಚಿ ತಿರುಗಿದಳು.

“ಮಾದೇವಸ್ವಾಮಿಗೂ ನೀನೇ ಯೋಳುದ್ದಾ? ಮಾರಯ್ಯ ಏನ್ ಕೊಟ್ಟ ನಿಂಗೆ? ಕಟ್ಕೊಂಡ ಗಂಡನ ಮರ್ವಾದೆ ಮಾರ್ಕೊಂಡಲ್ಲ, ಥೂ!”

ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳದೆ ಒಲೆಯ ಹತ್ತಿರ ಹೋಗಿ, ಲೋಟದ ಕಂಠದವರೆಗೂ ಕಾಫಿ ತುಂಬಿ ತಂದು ಅವನ ಮುಂದಿಟ್ಟಳು.

“ಕುಡೀರಿ.”

“ನಾನೇನ್ ಕೇಳ್ತಿವ್ನಿ, ನೀನೇನ್ ಮಾಡ್ತಿದ್ದೀಯೆ?”

“ಕುಡೀರಿ ಅಂದೆ.”

ಸೋಮಯ್ಯ ಸಿಟ್ಟಿನಲ್ಲಿ ಲೋಟ ಎತ್ತಿದ. ತುಟಿಯವರೆಗೆ ಬರುವಷ್ಟರಲ್ಲಿ ಕಾಫಿ ತುಳುಕಿ ಅಂಗಿಯ ಮೇಲೆ, ಪಂಚೆಯ ಮೇಲೆ ಸುರಿಯಿತು. ಸಿಟ್ಟಿಗೆ ಹಾಗಾಯಿತೆಂದು ಕೆಳಗಿಟ್ಟು, ಉಸಿರು ಹಿಡಿದು ಮತ್ತೆ ಎತ್ತಿದ. ಮತ್ತೆ ತುಳುಕಿತು. ಹಾಗಾದರೆ ದಿನಾ ಹೇಗೆ ಕುಡಿಯುತ್ತಿದ್ದೆ? ದಿನಾ ಇವಳು ಅರ್ಧ ಲೋಟ ಕೊಡುತ್ತಿದ್ದಳು, ಕುಡಿದ ಮೇಲೆ ಇನ್ನರ್ಧ ಬಗ್ಗಿಸುತ್ತಿದ್ದಳು. ಇದು ಯಾವಾಗಿನಿಂದ ಎಂದು ನೆನಪು ಮಾಡಿಕೊಳ್ಳಲು ಹೋದರೆ ತಲೆ ಕೆಲಸ ಮಾಡಲಿಲ್ಲ.

“ಟ್ರಾಕ್ಟ್ರು ಪೂಜೆ ದಿನ ಕೀ ತೂತಿಗೆ ಓಗ್ದೆ ಒದ್ದಾಡ್ತಿದ್ರಿ,” ಎಂದಳು ಗುರುಮಲ್ಲಮ್ಮ. “ಹಿಂದ್ಗಡೆ ಇಬ್ರು ಮುಸಿಮುಸಿ ನಗ್ತಿದ್ರು. ನಿಮ್ ಕೈ ನೋಡಿ ಜನ ನಗೋದ ನಾ ನೋಡ್ಲಾರೆ. ಅದ್ಕೇ ಮನೆಮನೆಗೂ ಓಗಿ ಕರೀಬ್ಯಾಡಿ ಅಂತ ಕೈಮುಗುದ್ ಬಂದೆ.”

“ಅಂಗಾರೆ ಎಲ್ರುಗೂ ಗೊತ್ತಾ?”

“ಊರ್ಗೆಲ್ಲ ಗೊತ್ತು. ನಿಮಗೊಬ್ರುಗೇ ಗೊತ್ತಿರ್ನಿಲ್ಲ.”

ಸೋಮಯ್ಯ ಅಲ್ಲೇ ಗೋಡೆಗೊರಗಿ ಕುಳಿತ. ಮಹದೇವಸ್ವಾಮಿ ಆಕಾಶ ನೋಡಿದ್ದು, ರವಿಕುಮಾರ ನೆಲ ನೋಡಿದ್ದು ಯಾಕೆಂದು ಈಗ ತಿಳಿಯಿತು. ತನ್ನ ಮುಖ ನೋಡಲಾರದೆ. ಊರು ತನ್ನ ಮೇಲೆ ಕತ್ತಿ ಮಸೆದಿದ್ದರೆ ಒಂದು ಕೈ ನೋಡಿಕೊಳ್ಳಬಹುದಾಗಿತ್ತು. ಕನಿಕರಪಟ್ಟರೆ ಏನು ಮಾಡುವುದು? ಅವನಿಗೆ ನಾಚಿಕೆಯಾಯಿತು. ಹೆಂಡತಿಗೆ ಅಂದ ಮಾತಿಗೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಕೇಳಿದ. ಗುಂಡಿಗಳನ್ನು ಗುರುಮಲ್ಲಮ್ಮನೇ ಹಾಕಿದಳು.

“ಎಲ್ಲಿಗೆ?”

“ಭವ್ಯನ ಅಂಗ್ಡಿಗೆ.”

“ಬ್ಯಾಡಿ, ನನ್ ಮಾತ್ ಕೇಳಿ.”

“ನೀನೂ ಬಾ. ಓಗನ.”

ಅಂಗಡಿ ಚಿಕ್ಕದು, ಜನ ತುಂಬಿದ್ದರು. ಹೊಸ ಮಿಷಿನ್ನಿಗೆ ಸೇವಂತಿಗೆ ಹಾರ ಹಾಕಿತ್ತು. ಪಕ್ಕದ ಕುರ್ಚಿಯಲ್ಲಿ ಮಾರಯ್ಯ ಹೊಸ ಪಂಚೆಯುಟ್ಟು ಕುಳಿತಿದ್ದ. ಸೋಮಯ್ಯನನ್ನು ಕಂಡು ಅವನು ಮುಳ್ಳು ಚುಚ್ಚಿದವನಂತೆ ಎದ್ದುನಿಂತ.

“ಕೂತ್ಕೊ ಮಾರಯ್ಯ. ನಿನ್ ಜಾಗ ಕಿತ್ಕೊಳ್ಳಾಕ್ ಬಂದಿಲ್ಲ, ಒಂದ್ ಮಾತ್ ಕೇಳಾಕ್ ಬಂದಿವ್ನಿ,” ಎಂದು ಸೋಮಯ್ಯ ಭವ್ಯಳ ಕಡೆ ತಿರುಗಿದ. ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಚಾಚಿದ. ಹಿಡಿತ ತಪ್ಪಿದ ಕೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು. “ಇದು ನಡುಗ್ತದೆ ಕಣಮ್ಮಿ. ನಿಂಗೇ ಗೊತ್ತಲ್ಲ. ಇಂಥ ಕೈ ಆದಾತಾ? ಆಗದಿಲ್ಲ ಅನ್ನು, ಬೇಜಾರಿಲ್ಲ.”

ಭವ್ಯ ಆ ಕೈಯನ್ನು ನೋಡಿದಳು, ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದ ಗುರುಮಲ್ಲಮ್ಮನನ್ನು ನೋಡಿದಳು.

“ಹೊಲಿಗೆ ಸೊಟ್ಟಗಾಯ್ತದೆ, ಅಷ್ಟೇ ತಾನೆ ದೊಡ್ಡಪ್ಪ? ಬಿಚ್ಚಿ ಹೊಲ್ಯೋದು ನನ್ ಕಸುಬೇ. ಬನ್ನಿ ಕೂತ್ಕೊಳಿ.”

ಅವಳು ಬಗ್ಗಿ ಪೆಡಲು ಒತ್ತಿದಳು, ಸೋಮಯ್ಯ ಹೊಸ ಬಟ್ಟೆ ಹಿಡಿದ. ಮಿಷಿನ್ನು ಗರ್ರೆಂದಿತು. ಕೆಂಪು ದಾರ ಬಟ್ಟೆಯ ಮೇಲೆ ಆ ಕಡೆ ಈ ಕಡೆ ಹೊರಳುತ್ತ ಕೊನೆ ಮುಟ್ಟಿತು. ನೇರವಾಗಿ ಬಂದಿತ್ತು ಎನ್ನಲು ಯಾರಿಗೂ ಬಾಯಿ ಬರುವಂತಿರಲಿಲ್ಲ. ಯಾರೂ ನಗಲೂ ಇಲ್ಲ. ಮಾರಯ್ಯನೇ ಮೊದಲು, “ಆಯ್ತಲ್ಲ, ಸ್ಟಾರ್ಟ್ ಆಯ್ತಲ್ಲ!” ಎಂದ. ಅವನ ದನಿಯಲ್ಲಿ ಸೋಮಯ್ಯನಿಗೆ ಯಾವ ಕುಹಕವೂ ಕಾಣಿಸಲಿಲ್ಲ.

ಭವ್ಯ ತಾಂಬೂಲದ ತಟ್ಟೆ ತಂದಳು. ವೀಳ್ಯದೆಲೆ, ಬಾಳೆಹಣ್ಣು, ಬಟ್ಟಲಡಿಕೆ. ಅವನಿಗೆ ಕೊಡಲು ಹೋದವಳು ಅನುಮಾನಿಸಿ, ತಟ್ಟೆಯನ್ನು ಗುರುಮಲ್ಲಮ್ಮನ ಕಡೆ ಚಾಚಿದಳು. ಗುರುಮಲ್ಲಮ್ಮ ಕೈ ಮುಂದೆ ತರಲಿಲ್ಲ.

“ಅವ್ರಿಗೇ ಕೊಡು,” ಎಂದಳು.

ಸೋಮಯ್ಯ ಬಲಗೈ ನೀಡಿ ತಟ್ಟೆ ಇಸಿದುಕೊಂಡ. ಅಡಿಕೆಗಳು ತಟ್ಟೆಯ ಮೇಲೆ ಟಕಟಕ ಸದ್ದು ಮಾಡತೊಡಗಿದವು. ಒಂದು ಉರುಳಿ ಕೆಳಗೆ ಬಿತ್ತು. ಗುರುಮಲ್ಲಮ್ಮ ಬಗ್ಗಿ ಅದನ್ನು ಎತ್ತಿ, ಸೆರಗಿಗೆ ಒರೆಸಿ, ನಡುಗುತ್ತಿದ್ದ ತಟ್ಟೆಯೊಳಕ್ಕೇ ಮತ್ತೆ ಹಾಕಿದಳು.